45 ಡಿಗ್ರಿ ಬಿಸಿಲು ತಾಳುವ ತೊಗರಿ ಬಂದಿದೆ, ಕಲಬುರಗಿಯ ತೊಗರಿ ಯಾಕೆ ಒಣಗುತ್ತಿದೆ?

ತೊಗರಿ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಓದಿದರೆ ತಲೆ ತಿರುಗುತ್ತದೆ. 2025ರ ಜೂನ್‌ನಲ್ಲಿ ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿರುವ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಒಂದು ಹೊಸ ತಳಿಯನ್ನು ಪ್ರಕಟಿಸಿತು. ಅದು 45 ಡಿಗ್ರಿ ಬಿಸಿಲನ್ನೂ ತಾಳುತ್ತದೆ, 125 ದಿನಕ್ಕೇ ಕೊಯ್ಲಿಗೆ ಬರುತ್ತದೆ. ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬೇಳೆಕಾಳು ಸ್ವಾವಲಂಬನೆಗೆಂದು 11,440 ಕೋಟಿ ರೂಪಾಯಿಯ ಮಿಷನ್ ಶುರು ಮಾಡಿತು.

ಇನ್ನೊಂದು ಕಡೆ ತೊಗರಿ ಕಣಜ ಎನಿಸಿಕೊಂಡ ಕಲಬುರಗಿಯ ಸುದ್ದಿ ನೋಡಿ. 2022ರ ಕೊನೆಯಲ್ಲಿ ಲಕ್ಷಗಟ್ಟಲೆ ಎಕರೆ ತೊಗರಿ ಹೂವು, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತು. 2024ರ ಕೊನೆಯಲ್ಲೂ ಬೆಳೆ ಕೈಕೊಟ್ಟಿತು, ಕಳಪೆ ಬೀಜವೇ ಕಾರಣ ಎಂದು ರೈತರು ಬೀದಿಗಿಳಿದರು. 2025ರ ಮಳೆಗಾಲದಲ್ಲಿ ಭೀಮಾ ನದಿ ಉಕ್ಕಿ ಹೊಲಗಳಲ್ಲಿ ನೀರು ನಿಂತಿತು.

ವಿಜ್ಞಾನ ಇಷ್ಟು ಮುಂದೆ ಹೋಗಿದೆ, ಹೊಲದಲ್ಲಿ ಮಾತ್ರ ಬೆಳೆ ಸಾಯುತ್ತಿದೆ. ಇದು ಹೇಗೆ ಎಂಬ ಗೊಂದಲ ಸಹಜ. ಎರಡೂ ಒಂದೇ ಬೆಳೆಯ ಸುದ್ದಿ ನಿಜ, ಆದರೆ ಎರಡರ ಹಿಂದಿರುವ ಸಮಸ್ಯೆ ಬೇರೆ ಬೇರೆ. ಬೇಸಿಗೆಯಲ್ಲೂ ಬೆಳೆಯಬಹುದಾದ ಈ ಹೊಸ ತೊಗರಿಯಿಂದ ದೇಶಕ್ಕೆ ಬೇಳೆ ಜಾಸ್ತಿ ಸಿಗಬಹುದು. ಮಳೆ ನಂಬಿ ಬಿತ್ತುವ ಕಲಬುರಗಿ ರೈತನ ಹೊಲದಲ್ಲಿ ಆಗುತ್ತಿರುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರದ ಬಹುಪಾಲು ನಮ್ಮ ಸಂಶೋಧನಾ ಕೇಂದ್ರಗಳಲ್ಲಿ ಹಲವು ದಶಕಗಳಿಂದ ಇದೆ. ಅದು ಹೊಲಕ್ಕೆ ಯಾಕೆ ಇಳಿಯಲಿಲ್ಲ ಎನ್ನುವುದೇ ಅಸಲಿ ಪ್ರಶ್ನೆ.

ಬೇಸಿಗೆಯಲ್ಲಿ ತೊಗರಿ ಬೆಳೆಯುವುದು ಇಷ್ಟು ದಿನ ಯಾಕೆ ಆಗಲಿಲ್ಲ?

ತೊಗರಿ ಗಿಡ ಹಗಲಿನ ಉದ್ದ ನೋಡಿ ಹೂ ಬಿಡುತ್ತದೆ. ಹಗಲು ಚಿಕ್ಕದಾಗುತ್ತಾ ಬಂದಾಗ ಮಾತ್ರ ಅದಕ್ಕೆ ಹೂ ಬಿಡುವ ಸೂಚನೆ ಸಿಗುತ್ತದೆ. ಹಾಗಾಗಿ ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಅಕ್ಟೋಬರ್-ನವೆಂಬರ್‌ಗೆ ಹೂವಾಗಿ, ಎಳ್ಳ ಅಮವಾಸ್ಯೆ ಆಸುಪಾಸಿನಲ್ಲಿ ರಾಶಿಗೆ ಬರುತ್ತದೆ. ಜನವರಿಯಲ್ಲಿ ಬಿತ್ತಿದರೆ ಹಗಲು ದಿನೇ ದಿನೇ ಉದ್ದವಾಗುತ್ತಾ ಹೋಗುತ್ತದೆ. ಗಿಡ ಸುಮ್ನೆ ಎಲೆ ಬಿಟ್ಟುಕೊಂಡು ನಿಲ್ಲುತ್ತದೆ. ಒಂದು ವೇಳೆ ಹೂ ಬಿಟ್ಟರೂ ಏಪ್ರಿಲ್ ಬಿಸಿಲಿಗೆ ಉದುರಿಹೋಗುತ್ತದೆ.

ಹೊಸ ತಳಿ ಐಸಿಪಿವಿ 25444 ಈ ಎರಡೂ ಕಟ್ಟುಗಳನ್ನು ಬಿಡಿಸಿಕೊಂಡಿದೆ. ಹಗಲು ಉದ್ದವಿರಲಿ, ಬಿಸಿಲು ಏರಲಿ, ತನ್ನ ಪಾಡಿಗೆ ಹೂ ಬಿಡುತ್ತದೆ. ಕರ್ನಾಟಕ, ತೆಲಂಗಾಣ, ಒಡಿಶಾಗಳಲ್ಲಿ ಇದರ ಪ್ರಯೋಗ ನಡೆದಿದೆ. ಹೆಕ್ಟೇರಿಗೆ ಸುಮಾರು 2 ಟನ್ ಇಳುವರಿ ಎಂದು ಸಂಸ್ಥೆ ಹೇಳುತ್ತದೆ. ದೇಶದ ಸರಾಸರಿ ತೊಗರಿ ಇಳುವರಿ ಒಂದು ಟನ್ನಿನ ಒಳಗೇ ತೂಗಾಡುತ್ತಿರುವಾಗ ಇದು ಸಣ್ಣ ಮಾತಲ್ಲ.

ಇಷ್ಟು ಬೇಗ ತಳಿ ತಯಾರಾದದ್ದೂ ಹೊಸದೇ. ಮೊದಲೆಲ್ಲ ಒಂದು ತೊಗರಿ ತಳಿ ಹೊರಬರಲು ಹನ್ನೆರಡು-ಹದಿನೈದು ವರ್ಷ ಹಿಡಿಯುತ್ತಿತ್ತು, ಏಕೆಂದರೆ ವರ್ಷಕ್ಕೆ ಒಂದೇ ಬೆಳೆ, ಒಂದೇ ತಲೆಮಾರು. ಇಕ್ರಿಸ್ಯಾಟ್ 2024ರಲ್ಲಿ ಮುಂದಿಟ್ಟ ವೇಗದ ತಳಿ ಅಭಿವೃದ್ಧಿ ವಿಧಾನದಲ್ಲಿ ಬೆಳಕು, ಉಷ್ಣತೆ, ತೇವ ಎಲ್ಲವನ್ನೂ ಹಿಡಿತದಲ್ಲಿಟ್ಟು ವರ್ಷಕ್ಕೆ ನಾಲ್ಕು ತಲೆಮಾರು ತೆಗೆಯುತ್ತಾರೆ. ಹೀಗೆ ಮಾಡಿದರೆ ಐದು ವರ್ಷದಲ್ಲಿ ತಳಿ ಸಿದ್ಧ. ಈ ತಳಿಗಿಂತ ಈ ವಿಧಾನವೇ ದೊಡ್ಡ ಸಾಧನೆ ಎನ್ನಬೇಕು. ನಾಳೆ ಇದನ್ನೇ ರೋಗ ತಡೆಯುವ ತಳಿಗೂ ಬಳಸಬಹುದು.

ಕಲಬುರಗಿಯಲ್ಲಿ ಗಿಡ ಕೊಂದದ್ದು ಬಿಸಿಲಲ್ಲ

2022ರಲ್ಲಿ ಕಲಬುರಗಿ, ಬೀದರ್, ಯಾದಗಿರಿ ಕಡೆ ರೈತರು ಹೇಳಿದ ಮಾತು ಒಂದೇ: ‘ತೊಗರಿ ನೆಟೆ ಹೋಯ್ತು’. ನೆಟೆ ರೋಗ ಅಂದರೆ ಸೊರಗು ರೋಗ. ಫ್ಯುಸೇರಿಯಂ ಉಡಂ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ಅದು ಮಣ್ಣಿನಲ್ಲೇ ಇರುತ್ತದೆ, ಬೇರಿನ ಮೂಲಕ ಗಿಡದೊಳಗೆ ನುಗ್ಗುತ್ತದೆ, ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆ. ತೊಗಟೆ ಸುಲಿದರೆ ಒಳಗೆ ಕಂದು-ಕಪ್ಪು ಗೆರೆ. ನೆಲದಲ್ಲಿ ತೇವ ಇದ್ದರೂ ಗಿಡಕ್ಕೆ ನೀರು ಸಿಗುವುದಿಲ್ಲ.

ಈ ರೋಗ ಮೋಸ ಮಾಡುವುದು ಕಾಣಿಸಿಕೊಳ್ಳುವ ಸಮಯದಲ್ಲಿ. ಸೋಂಕು ಮೊದಲೇ ತಗುಲಿರುತ್ತದೆ, ಗಿಡ ಹಚ್ಚಗೆ ಬೆಳೆಯುತ್ತಿರುತ್ತದೆ. ಹೂವು, ಕಾಯಿ ಶುರುವಾದಾಗ ಗಿಡಕ್ಕೆ ನೀರು ಜಾಸ್ತಿ ಬೇಕಾಗುತ್ತದೆ, ಆಗ ಕಟ್ಟಿದ ನಾಳ ಕೈಕೊಡುತ್ತದೆ. ಅಷ್ಟರಲ್ಲಿ ಗೊಬ್ಬರ, ಔಷಧಿ, ಕಳೆ ಕೀಳುವ ಕೂಲಿ ಎಲ್ಲ ಖರ್ಚಾಗಿ ಮುಗಿದಿರುತ್ತದೆ. 1980ರ ದಶಕದ ಆರಂಭದಲ್ಲೇ ಇಕ್ರಿಸ್ಯಾಟ್ ವಿಜ್ಞಾನಿಗಳು ಈ ನಷ್ಟವನ್ನು ಅಳೆದಿದ್ದರು. ಕಾಯಿ ಕಟ್ಟುವ ಮುಂಚೆ ಸೊರಗಿದರೆ ಇಳುವರಿ ಪೂರ್ತಿ ಹೋದಂತೆ. ಕಾಯಿ ಬಲಿಯುವ ಹೊತ್ತಿಗೆ ಆದರೆ ನಷ್ಟ ಸುಮಾರು 67 ಶೇಕಡ. ಕೊಯ್ಲಿನ ಹತ್ತಿರ ಬಂದರೆ 30 ಶೇಕಡ.

ಎಲ್ಲ ಒಣಗೂ ನೆಟೆಯಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ನೀರು ನಿಂತ ತಗ್ಗಿನಲ್ಲಿ ಫೈಟಾಫ್ಥೋರಾ ಎಂಬ ಇನ್ನೊಂದು ರೋಗಾಣು ಕಾಂಡ ಕೊಳೆಸುತ್ತದೆ. ಮಳೆ ಕೈಕೊಟ್ಟು ನೆಲ ಕಾದಾಗ ಮ್ಯಾಕ್ರೊಫೊಮಿನಾ ಬೇರನ್ನು ಒಣಕೊಳೆ ಮಾಡುತ್ತದೆ. ಮುಂಗಾರಿನಲ್ಲಿ ಅತಿ ಮಳೆ, ಆಮೇಲೆ ದೀರ್ಘ ಒಣಹವೆ ಬಂದರೆ ಒಂದೇ ಹೊಲದಲ್ಲಿ ಎರಡು ಮೂರು ರೋಗ ಒಟ್ಟಿಗೆ ಸೇರಬಹುದು. ಮೊದಲು ನೀರು ನಿಂತು ಬೇರು ಉಸಿರುಗಟ್ಟುತ್ತದೆ, ದುರ್ಬಲ ಬೇರಿಗೆ ಶಿಲೀಂಧ್ರ ಸುಲಭವಾಗಿ ಹೊಕ್ಕುತ್ತದೆ, ಆಮೇಲಿನ ಬಿಸಿಲು ಕೆಲಸ ಮುಗಿಸುತ್ತದೆ. ಹೊರಗಿಂದ ನೋಡಿದವರಿಗೆ ಕಾಣುವುದು ಕೊನೆಯ ಬಿಸಿಲು ಮಾತ್ರ.

ಮಾರುತಿಯಿಂದ ಆಶಾವರೆಗೆ

ರೋಗ ತಡೆಯುವ ತಳಿ ಇಲ್ಲವೇ ಎಂದರೆ, ಇದೆ. ಹಿಂದಿನಿಂದಲೂ ಇದೆ.

1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ‘ಮಾರುತಿ’, ಅಂದರೆ ಐಸಿಪಿ 8863, ಮಹಾರಾಷ್ಟ್ರದ ಸ್ಥಳೀಯ ತೊಗರಿಯಿಂದ ಆಯ್ದ ತಳಿ. ನೆಟೆಯನ್ನು ಚೆನ್ನಾಗಿ ತಡೆಯುತ್ತಿತ್ತು. ಕೆಲವೇ ವರ್ಷದಲ್ಲಿ ಉತ್ತರ ಕರ್ನಾಟಕದ ತೊಗರಿ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಅದು ಹಿಡಿಯಿತು. ಒಣಬೇಸಾಯದ ಸಂಶೋಧನೆಯಲ್ಲಿ ಇಷ್ಟು ಬೇಗ ಹೊಲ ಸೇರಿದ ತಳಿಗಳು ಕಡಿಮೆ. ಆದರೆ ಮಾರುತಿಗೆ ಇನ್ನೊಂದು ರೋಗದ ಮುಂದೆ ಬಲವೇ ಇರಲಿಲ್ಲ. ಅದು ಗೊಡ್ಡು ರೋಗ. ಕಣ್ಣಿಗೆ ಕಾಣದ ಒಂದು ನುಸಿ ಈ ವೈರಸ್ಸನ್ನು ಹರಡುತ್ತದೆ. ಗಿಡ ಪೊದೆಯಂತೆ ಬೆಳೆಯುತ್ತದೆ, ಹೂವೇ ಬಿಡುವುದಿಲ್ಲ. ಇವತ್ತಿಗೂ ಗೊಡ್ಡು ರೋಗದ ಪ್ರಯೋಗ ಮಾಡುವಾಗ ರೋಗ ಖಂಡಿತ ತಗುಲುವ ಗಿಡ ಎಂದು ಪಕ್ಕದ ಸಾಲಿನಲ್ಲಿ ಬಿತ್ತುವುದು ಇದೇ ಐಸಿಪಿ 8863 ಅನ್ನು.

1993ರಲ್ಲಿ ‘ಆಶಾ’ ಬಂತು, ಎರಡೂ ರೋಗ ತಡೆಯುವ ತಳಿ. ಆದರೆ ಅದು ಹೊಲದಲ್ಲಿ ಆರು ತಿಂಗಳ ಹತ್ತಿರ ನಿಲ್ಲಬೇಕು. ಮಳೆ ಸೆಪ್ಟೆಂಬರ್‌ಗೇ ನಿಂತ ವರ್ಷ, ಮಣ್ಣು ತೆಳುವಾದ ಹೊಲದಲ್ಲಿ ಕಾಳು ತುಂಬುವ ಹೊತ್ತಿಗೆ ತೇವ ಮುಗಿದಿರುತ್ತದೆ. ಆಮೇಲೆ ಕಲಬುರಗಿ, ರಾಯಚೂರಿನ ವಿಜ್ಞಾನಿಗಳಿಂದ ಟಿಎಸ್-3ಆರ್, ಜಿಆರ್‌ಜಿ-811, ಭೀಮಾ ಎಂದು ಕರೆಯುವ ಜಿಆರ್‌ಜಿ-152 ತಳಿಗಳು ಬಂದವು. ಒಂದು ತಳಿ ಬೇಗ ಬರುತ್ತದೆ, ಇನ್ನೊಂದು ರೋಗ ತಾಳುತ್ತದೆ, ಮತ್ತೊಂದರ ಕಾಳು ದಪ್ಪ. ಎಲ್ಲವೂ ಒಂದರಲ್ಲೇ ಸಿಗುವುದು ಕಷ್ಟ.

ಇದರ ಜೊತೆಗೆ ಶಿಲೀಂಧ್ರವೂ ಸುಮ್ಮನೆ ಕೂತಿಲ್ಲ. ಫ್ಯುಸೇರಿಯಂನಲ್ಲೇ ಹಲವು ಬಗೆಗಳಿವೆ. ಒಂದು ಊರಿನಲ್ಲಿ ರೋಗ ತಡೆದ ತಳಿ ಇನ್ನೊಂದು ಊರಿನ ಶಿಲೀಂಧ್ರದ ಮುಂದೆ ಸೋಲಬಹುದು. ಒಂದೇ ತಳಿಯನ್ನು ವರ್ಷಗಟ್ಟಲೆ ಲಕ್ಷಾಂತರ ಎಕರೆಯಲ್ಲಿ ಬಿತ್ತಿದಾಗ ಅದನ್ನು ಮುರಿಯಬಲ್ಲ ಶಿಲೀಂಧ್ರಕ್ಕೆ ಮಾತ್ರ ಊಟ ಸಿಗುತ್ತದೆ, ಅದೇ ಹೆಚ್ಚುತ್ತದೆ. ತಳಿಯ ರೋಗ ತಡೆಯುವ ಶಕ್ತಿಗೆ ಒಂದು ಆಯಸ್ಸು ಇದೆ. ಆ ಆಯಸ್ಸು ಎಷ್ಟು ಎನ್ನುವುದು ನಾವು ಅದನ್ನು ಹೇಗೆ ಬಿತ್ತುತ್ತೇವೆ ಎನ್ನುವುದರ ಮೇಲಿದೆ.

ಜೇನುಹುಳ ಮತ್ತು ಬೀಜದ ಚೀಲ

‘ಬೀಜವೇ ಕಳಪೆ’ ಎಂಬ ರೈತರ ದೂರನ್ನು ಅಧಿಕಾರಿಗಳು ಹವಾಮಾನದ ಕಡೆ ತಿರುಗಿಸುತ್ತಾರೆ. ರೈತರು ಬೀಜ ಮಾರಿದವರ ಕಡೆ ಬೆರಳು ತೋರಿಸುತ್ತಾರೆ. ಇಬ್ಬರೂ ಬಿಟ್ಟುಬಿಡುವ ಒಂದು ಕಾರಣ ಬೆಳೆಯ ಸ್ವಭಾವದಲ್ಲೇ ಇದೆ.

ಕಡಲೆ, ಹೆಸರು, ಉದ್ದು ತಮ್ಮೊಳಗೇ ಪರಾಗ ಮುಗಿಸಿಕೊಳ್ಳುತ್ತವೆ. ತೊಗರಿ ಹಾಗಲ್ಲ. ಜೇನುಹುಳ ಒಂದು ಹೊಲದ ಪರಾಗವನ್ನು ಇನ್ನೊಂದಕ್ಕೆ ಸಾಗಿಸುತ್ತದೆ, ಸಾಕಷ್ಟು ಕಾಳುಗಳು ಬೆರಕೆಯಾಗುತ್ತವೆ. ಅದಕ್ಕೇ ಬೀಜದ ತೊಗರಿಗೆ ಅಂತರದ ನಿಯಮ ಇದೆ. ಮೂಲ ಬೀಜದ ಹೊಲದಿಂದ 250 ಮೀಟರ್, ಅದರಿಂದ ಬೆಳೆಸುವ ಪ್ರಮಾಣಿತ ಬೀಜದ ಹೊಲದಿಂದ 100 ಮೀಟರ್ ದೂರದವರೆಗೆ ಬೇರೆ ತೊಗರಿ ಇರಬಾರದು. ಕಲಬುರಗಿ ಜಿಲ್ಲೆಯಲ್ಲಿ ಸುಮಾರು 6 ಲಕ್ಷ ಹೆಕ್ಟೇರ್ ತೊಗರಿ ಇದೆ. ಎತ್ತ ನೋಡಿದರೂ ತೊಗರಿಯೇ ಇರುವಲ್ಲಿ ಆ 100 ಮೀಟರ್ ಹುಡುಕುವುದು ಸುಲಭವಲ್ಲ, ಅಲ್ವಾ?

ಪರಿಣಾಮ ನಿಧಾನವಾಗಿ ಕಾಣುತ್ತದೆ. ರೈತ ಒಮ್ಮೆ ಒಳ್ಳೆಯ ಬೀಜ ತಂದು ಬಿತ್ತುತ್ತಾನೆ. ಮುಂದಿನ ವರ್ಷ ಅದೇ ರಾಶಿಯಿಂದ ಬೀಜ ಎತ್ತಿಡುತ್ತಾನೆ. ಮೂರ್ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಹೆಸರು ಜಿಆರ್‌ಜಿ-811 ಎಂದೇ ಇರುತ್ತದೆ, ಒಳಗೆ ಅರ್ಧ ಬೇರೆಯೇ ಇರುತ್ತದೆ. ರೋಗ ತಡೆಯುವ ಗುಣ ಹರಿದು ಹಂಚಿಹೋಗಿರುತ್ತದೆ. ಯಾರೂ ಮೋಸ ಮಾಡದೆಯೂ ಬೀಜ ಕೆಡುತ್ತದೆ. ಮೋಸ ಮಾಡುವವರು ಇದ್ದರಂತೂ ಕೇಳುವುದೇ ಬೇಡ, ಏಕೆಂದರೆ ಚೀಲದಲ್ಲಿರುವ ಕಾಳು ನೋಡಿ ತಳಿ ಗುರುತಿಸುವುದು ಬಹುಪಾಲು ಜನರಿಗೆ ಆಗದ ಮಾತು.

ಬೇಳೆಕಾಳು ಮಿಷನ್ ಇಲ್ಲಿ ಉಪಯೋಗಕ್ಕೆ ಬರಬಹುದು. ಆರು ವರ್ಷದಲ್ಲಿ 126 ಲಕ್ಷ ಕ್ವಿಂಟಲ್ ಪ್ರಮಾಣಿತ ಬೀಜ ಹಂಚುವುದು, 88 ಲಕ್ಷ ಬೀಜದ ಕಿಟ್ ಉಚಿತವಾಗಿ ಕೊಡುವುದು ಅದರ ಗುರಿ. ಆದರೆ ಕಿಟ್ ಎಷ್ಟು ಹಂಚಿದರು ಎಂದು ಎಣಿಸುವುದು ಸುಲಭ. ಒಳಗಿನ ಬೀಜ ಎಷ್ಟು ಶುದ್ಧ ಎಂದು ಪರೀಕ್ಷಿಸುವುದಕ್ಕೆ ಜನ, ಪ್ರಯೋಗಾಲಯ, ಪ್ರತ್ಯೇಕ ಬೀಜ ಗ್ರಾಮ ಎಲ್ಲ ಬೇಕು.

ಎರೆ ಮಣ್ಣಿನ ಪಾಠ ಹೊಸದಲ್ಲ

ಸಮಸ್ಯೆ ಮಣ್ಣಿನಲ್ಲಿದೆ ಎಂದಮೇಲೆ ಮಣ್ಣಿನ ಸಂಶೋಧನೆ ಏನು ಹೇಳುತ್ತದೆ ಎಂದು ನೋಡಲೇಬೇಕು. ಈ ಭಾಗದಲ್ಲಿ ಅದರ ಇತಿಹಾಸ ಉದ್ದವಾಗಿದೆ. 1933ರಿಂದ 1935ರ ನಡುವೆ ಬ್ರಿಟಿಷರ ಕಾಲದಲ್ಲಿ ಐದು ಕಡೆ ಒಣಬೇಸಾಯ ಸಂಶೋಧನಾ ಕೇಂದ್ರಗಳು ಶುರುವಾದವು: ಸೊಲ್ಲಾಪುರ, ವಿಜಯಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್. ಐದರಲ್ಲಿ ಮೂರು ಇವತ್ತಿನ ಕರ್ನಾಟಕದಲ್ಲಿವೆ. ಬದು ಹಾಕುವುದು, ಆಗಾಗ ಆಳ ಉಳುಮೆ, ಕೊಟ್ಟಿಗೆ ಗೊಬ್ಬರ, ಸಾಲಿನ ಅಂತರ ಹೆಚ್ಚಿಸುವುದು, ಮಿಶ್ರ ಬೆಳೆ. ಅವರು ಆಗಲೇ ಹೇಳಿದ್ದು ಇದನ್ನೇ.

ಎರೆ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಗುಣ ವಿಚಿತ್ರ. ಒಣಗಿದಾಗ ಕೈ ಹೋಗುವಷ್ಟು ಬಿರುಕು, ಒದ್ದೆಯಾದಾಗ ಉಬ್ಬಿ ಬಿರುಕು ಮುಚ್ಚಿ ನೀರು ಒಳಗೆ ಇಳಿಯುವುದೇ ಕಷ್ಟ. ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವುದು ಇದರ ಬಲ, ಜೋರು ಮಳೆಗೆ ಹೊಲ ಕೆರೆಯಾಗುವುದು ಇದರ ದೋಷ. ತೊಗರಿ ಬೇರಿಗೆ ಬರ ತಡೆಯುವ ಶಕ್ತಿ ಇದೆ, ಆದರೆ ಎಳೆಯ ಗಿಡ ನಿಂತ ನೀರನ್ನು ಕೆಲವು ದಿನವೂ ತಾಳುವುದಿಲ್ಲ.

ಇದಕ್ಕೆ ಇಕ್ರಿಸ್ಯಾಟ್ 1970ರ ದಶಕದಲ್ಲಿ ತಂದ ಉಪಾಯ ಅಗಲ ಪಟ್ಟೆ ಮತ್ತು ಕಾಲುವೆ ಪದ್ಧತಿ. ಸುಮಾರು ಒಂದು ಮೀಟರ್ ಅಗಲದ ಎತ್ತರಿಸಿದ ಪಟ್ಟೆ, ಪಕ್ಕದಲ್ಲಿ ಅರ್ಧ ಮೀಟರ್ ಕಾಲುವೆ. ಜೋರು ಮಳೆಯ ನೀರು ಮಣ್ಣನ್ನು ಕೊಚ್ಚದೆ ನಿಧಾನ ಹರಿದುಹೋಗುತ್ತದೆ. ಪಟಾನ್‌ಚೆರುವಿನಲ್ಲಿ 1976ರಿಂದ ಒಂದೇ ಎರೆ ಹೊಲದಲ್ಲಿ ಇದನ್ನು ಹಳೆ ಪದ್ಧತಿಯ ಜೊತೆ ಹೋಲಿಸುತ್ತಾ ಬಂದಿದ್ದಾರೆ. ಮುಂಗಾರಿನಲ್ಲಿ ಹೊಲ ಖಾಲಿ ಬಿಟ್ಟು ಹಿಂಗಾರಿಗೆ ಒಂದು ಬೆಳೆ ತೆಗೆಯುವ ಹಳೆ ಪದ್ಧತಿಯಲ್ಲಿ ಹೆಕ್ಟೇರಿಗೆ ಸರಾಸರಿ 1.1 ಟನ್ ಕಾಳು. ಪಟ್ಟೆ-ಕಾಲುವೆ, ಜೋಳ-ತೊಗರಿ ಅಕ್ಕಡಿ (ಎರಡನ್ನೂ ಸಾಲು ಸಾಲಾಗಿ ಒಟ್ಟಿಗೆ ಬಿತ್ತುವುದು), ಹದವಾದ ಗೊಬ್ಬರ ಸೇರಿದ ಪದ್ಧತಿಯಲ್ಲಿ 5.1 ಟನ್. ಮಳೆ ಎರಡಕ್ಕೂ ಒಂದೇ. ಮಣ್ಣಿನ ಸಾವಯವ ಇಂಗಾಲವೂ ಎರಡನೆಯದರಲ್ಲಿ ಹೆಚ್ಚು ಉಳಿದಿದೆ.

ಇಷ್ಟು ಲಾಭ ಇದ್ದರೂ ರೈತರು ಯಾಕೆ ಹಿಡಿಯಲಿಲ್ಲ? ಅಜ್ಞಾನ ಎನ್ನುವುದು ಸೋಮಾರಿ ಉತ್ತರ. ಪಟ್ಟೆ ಹಾಕಲು ಆಗ ಸಂಸ್ಥೆ ತಯಾರಿಸಿದ ಎತ್ತಿನ ಗಾಡಿಯಂಥ ಉಪಕರಣ ದುಬಾರಿಯಾಗಿತ್ತು. ಅದಕ್ಕಿಂತ ಮುಖ್ಯ, ಕಾಲುವೆಯ ನೀರು ಎಲ್ಲೋ ಒಂದು ಕಡೆ ಹೋಗಬೇಕು. ನನ್ನ ಹೊಲದಿಂದ ಹೊರಬಿದ್ದ ನೀರು ಪಕ್ಕದವರ ಹೊಲಕ್ಕೇ ನುಗ್ಗಿದರೆ ಜಗಳ ಗ್ಯಾರಂಟಿ. ಇಡೀ ಊರಿನ ಇಳಿಜಾರು ನೋಡಿ ಸಾಮೂಹಿಕ ಕಾಲುವೆ ಮಾಡಿದರೆ ಮಾತ್ರ ಇದು ನಡೆಯುತ್ತದೆ. ಬೀಜವನ್ನು ಒಬ್ಬನೇ ಕೊಂಡು ಬಿತ್ತಬಹುದು, ನೀರು ಹರಿಯುವ ದಾರಿಯನ್ನು ಒಬ್ಬನೇ ತೀರ್ಮಾನಿಸಲಾಗದು. ಸರ್ಕಾರಗಳಿಗೂ ಬೀಜ ಹಂಚುವುದೇ ಸಲೀಸು.

ಜೋಳದ ವಿಷಯವೂ ಇಲ್ಲೇ ಬರುತ್ತದೆ. ಜೋಳದ ಜೊತೆ ಅಕ್ಕಡಿ ಹಾಕಿದ ತೊಗರಿಯಲ್ಲಿ ನೆಟೆ ಕಡಿಮೆ ಎಂದು 1980ರ ದಶಕದ ಪ್ರಯೋಗಗಳೇ ತೋರಿಸಿವೆ. ಒಂದು ವರ್ಷ ತೊಗರಿ ಬಿಟ್ಟು ಜೋಳ ಬಿತ್ತಿದರೂ ರೋಗ ಇಳಿಯುತ್ತದೆ. ಶಿಲೀಂಧ್ರ ಹಳೆಯ ಕೂಳೆ, ಬೇರುಗಳ ಮೇಲೆ ವರ್ಷಗಟ್ಟಲೆ ಬದುಕುತ್ತದೆ, ಪ್ರತಿ ವರ್ಷ ತೊಗರಿಯೇ ಸಿಕ್ಕರೆ ಮಣ್ಣಿನಲ್ಲಿ ಅದರ ಪ್ರಮಾಣ ಬೆಳೆಯುತ್ತಲೇ ಹೋಗುತ್ತದೆ. ಹಿಂದೆ ಇಲ್ಲಿ ಜೋಳ, ಸಜ್ಜೆ, ಹೆಸರು, ಎಳ್ಳು ತೊಗರಿಯ ನಡುವೆ ಇರುತ್ತಿದ್ದವು. ಈಗ ಬರೀ ತೊಗರಿ.

ಜೋಳ ಬಿಟ್ಟದ್ದಕ್ಕೆ ಕಾರಣ ದನ. ಜೋಳದ ಕಣಿಕೆ, ಅಂದರೆ ಒಣ ದಂಟು, ಬೇಕಾಗಿದ್ದೇ ಎತ್ತಿಗೆ. ಬೀದರ್ ಗಡಿಯ ದೇವಣಿ, ವಿಜಯಪುರ ಕಡೆಯ ಖಿಲಾರಿ ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಎತ್ತು ಹೋದಮೇಲೆ ಕಣಿಕೆ ಯಾರಿಗೆ? ಹೀಗೆ ಜೋಳ ಹೋಯಿತು, ಜೊತೆಗೆ ಕೊಟ್ಟಿಗೆ ಗೊಬ್ಬರವೂ ಹೋಯಿತು. ಕರ್ನಾಟಕ ಸರ್ಕಾರ 2009ರಲ್ಲಿ ಇಕ್ರಿಸ್ಯಾಟ್ ಜೊತೆ ಶುರು ಮಾಡಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತ್ತು. ಗೊಬ್ಬರ ತಿಪ್ಪೆ ಕರಗಿದ ಊರುಗಳಲ್ಲಿ ಇದು ಆಶ್ಚರ್ಯವಲ್ಲ. ಬೆಳೆ, ದನ, ಮಣ್ಣು ಮೂರನ್ನೂ ಬೇರೆ ಬೇರೆ ಇಲಾಖೆಗಳು ನೋಡಿಕೊಳ್ಳುತ್ತವೆ, ಹೊಲದಲ್ಲಿ ಅವು ಬೇರೆಯಾಗಿ ಇರುವುದಿಲ್ಲ.

ಯಾರ ವಾದ ಏನು?

ತಳಿ ವಿಜ್ಞಾನಿಗಳ ವಾದ ಸರಳ. ದೇಶಕ್ಕೆ ತೊಗರಿ ಸಾಲುತ್ತಿಲ್ಲ. ವರ್ಷಕ್ಕೆ ಸುಮಾರು 35 ಲಕ್ಷ ಟನ್ ಬೆಳೆಯುತ್ತೇವೆ, 2024-25ರಲ್ಲಿ 12 ಲಕ್ಷ ಟನ್ನಿನಷ್ಟು ಮ್ಯಾನ್ಮಾರ್ ಮತ್ತು ಆಫ್ರಿಕಾದ ಮೊಜಾಂಬಿಕ್, ಟಾಂಜಾನಿಯಾ, ಮಲಾವಿ ಮುಂತಾದ ಕಡೆಯಿಂದ ತರಿಸಿದೆವು. ಮಳೆಗಾಲದ ಹೊಲ ಹೆಚ್ಚಿಸಲು ಜಾಗ ಇಲ್ಲ. ಹಾಗಿದ್ದರೆ ಬೇಸಿಗೆಯಲ್ಲಿ ಖಾಲಿ ಬಿದ್ದಿರುವ ನೀರಾವರಿ ಭೂಮಿ, ಭತ್ತದ ನಂತರದ ಗದ್ದೆ ಯಾಕೆ ಬಳಸಬಾರದು? ಮಿಷನ್‌ನ ಗುರಿಯೂ ಇದಕ್ಕೆ ಹೊಂದುತ್ತದೆ. 2030-31ಕ್ಕೆ ಎಲ್ಲ ಬೇಳೆಕಾಳು ಸೇರಿ 350 ಲಕ್ಷ ಟನ್ ಎಂದರೆ ಹೆಚ್ಚುವರಿ 35 ಲಕ್ಷ ಹೆಕ್ಟೇರ್ ಬೇಕು.

ಬೇಸಾಯ ಪದ್ಧತಿಯ ಮೇಲೆ ಕೆಲಸ ಮಾಡುವವರದ್ದು ಇನ್ನೊಂದು ವಾದ. ಇರುವ ತಳಿಯಿಂದಲೇ ಹೆಚ್ಚು ಇಳುವರಿ ತೆಗೆಯಬಹುದು ಎನ್ನುತ್ತಾರೆ ಅವರು. ಬೀದರ್ ಕಡೆ ಹರಡಿದ, ಸಸಿ ನೆಟ್ಟು ಬೆಳೆಯುವ ತೊಗರಿ ಇದಕ್ಕೆ ಉದಾಹರಣೆ. ಪಾಲಿಥಿನ್ ಚೀಲದಲ್ಲಿ ತಿಂಗಳ ಸಸಿ ಬೆಳೆಸಿ, ಮಳೆ ಬಿದ್ದಮೇಲೆ ನೆಡುತ್ತಾರೆ. ಮಳೆ ತಡವಾದರೂ ಬೆಳೆ ತಡವಾಗುವುದಿಲ್ಲ. ಆರೇಳು ವಾರಕ್ಕೆ ಕುಡಿ ಚಿವುಟಿದರೆ ಕೊಂಬೆ ಹೆಚ್ಚುತ್ತದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ ಎಂಬ ಪೋಷಕಾಂಶ ಮಿಶ್ರಣ ಸಿಂಪಡಿಸಿದರೆ ಹೂ ಉದುರುವುದು ತಗ್ಗುತ್ತದೆ. ಆದರೆ ನಾಟಿಗೆ ಕೂಲಿ ಬೇಕು, ಸಸಿಗೆ ನೀರು ಬೇಕು. ಹತ್ತು ಎಕರೆ ಮಳೆ ಹೊಲ ಇರುವವರಿಗೆ ಇದು ಎಲ್ಲ ಕಡೆ ಆಗುವ ಕೆಲಸವಲ್ಲ.

ರೈತರ ವಾದದಲ್ಲಿ ತಳಿ ಕೊನೆಗೆ ಬರುತ್ತದೆ, ಬೆಲೆ ಮೊದಲು. 2021ರಿಂದ ತೊಗರಿ ಆಮದಿಗೆ ಮಿತಿ ತೆಗೆದು, ಆಮೇಲೆ ಸುಂಕವನ್ನೂ ಕೈಬಿಟ್ಟು, ಆ ರಿಯಾಯಿತಿಯನ್ನು ವಿಸ್ತರಿಸುತ್ತಾ ಬರಲಾಗಿದೆ. 2025ರ ಆರಂಭದಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಕೆಳಗಿಳಿಯಿತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಬೇಕಾಯಿತು. ಮಿಷನ್ ಅಡಿ ನಾಲ್ಕು ವರ್ಷ ತೊಗರಿಯನ್ನು ಪೂರ್ತಿ ಬೆಂಬಲ ಬೆಲೆಗೆ ಕೊಳ್ಳುವ ಭರವಸೆ ಇದೆ. ಖರೀದಿ ಕೇಂದ್ರ ಯಾವಾಗ ಬಾಗಿಲು ತೆರೆಯುತ್ತದೆ ಎನ್ನುವುದರ ಮೇಲೆ ಆ ಭರವಸೆಯ ಬೆಲೆ ನಿಂತಿದೆ. ಸಾಲ ತೀರಿಸಬೇಕಾದವರು ರಾಶಿ ಮುಗಿದ ವಾರದಲ್ಲೇ ಮಾರುತ್ತಾರೆ.

ಪರಿಹಾರದ ಗೊಂದಲವೂ ಒಂದಿದೆ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬರ, ನೆರೆ, ಆಲಿಕಲ್ಲು, ಕೀಟ ದಾಳಿ ಇವೆ. ಬೆಳೆ ರೋಗದ ಹೆಸರಿಲ್ಲ. ಅದಕ್ಕೇ 2022-23ರ ನೆಟೆಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿಯ ಪರಿಹಾರವನ್ನು ಪ್ರತ್ಯೇಕವಾಗಿ ಘೋಷಿಸಬೇಕಾಯಿತು.

ಬೇಸಿಗೆ ತೊಗರಿ ಬಂದರೆ ಏನಾಗಬಹುದು?

ಮೊದಲು ನೀರು. ಬಿಸಿಲು ತಾಳುವುದು ಬೇರೆ, ನೀರಿಲ್ಲದೆ ಬೆಳೆಯುವುದು ಬೇರೆ. ಏಪ್ರಿಲ್-ಮೇ ತಿಂಗಳ ಕಲಬುರಗಿಯಲ್ಲಿ ಮಳೆ ನಂಬಿ ಏನೂ ಬೆಳೆಯಲಾಗದು. ಹಾಗಾಗಿ ಈ ತಳಿ ಹೋಗುವುದು ಕೊಳವೆ ಬಾವಿ ಅಥವಾ ಕಾಲುವೆ ಇರುವ ಹೊಲಕ್ಕೆ. ಅಲ್ಲಿ ಬೇಸಿಗೆ ಭತ್ತದ ಬದಲು ತೊಗರಿ ಬಂದರೆ ನೀರು ಉಳಿಯುತ್ತದೆ, ಮಣ್ಣಿಗೂ ಒಳ್ಳೆಯದು. ಖಾಲಿ ಬಿಡುತ್ತಿದ್ದ ಹೊಲಕ್ಕೆ ಕೊಳವೆ ಬಾವಿಯ ನೀರು ಹಾಯಿಸಿದರೆ ಅಂತರ್ಜಲ ಇನ್ನೂ ಕೆಳಗೆ ಹೋಗುತ್ತದೆ. ಒಂದೇ ತಳಿ, ಎರಡು ವಿರುದ್ಧ ಫಲ.

ಎರಡನೆಯದು ರೋಗ, ಮತ್ತು ಇದರ ಬಗ್ಗೆ ಚರ್ಚೆ ತೀರಾ ಕಡಿಮೆ. ಗೊಡ್ಡು ರೋಗದ ನುಸಿಗೆ ಬದುಕಲು ಜೀವಂತ ತೊಗರಿ ಗಿಡ ಬೇಕು. ಫೆಬ್ರುವರಿಯಿಂದ ಜೂನ್‌ವರೆಗೆ ಹೊಲ ಖಾಲಿ ಇರುವುದರಿಂದಲೇ ಅದರ ಸಂಖ್ಯೆ ಕುಸಿಯುತ್ತದೆ. ಬದುವಿನ ಮೇಲೆ ಉಳಿದ, ಕಡಿದಮೇಲೆ ಚಿಗುರಿದ ಗಿಡಗಳಿಂದ ಮುಂದಿನ ಬೆಳೆಗೆ ರೋಗ ದಾಟುತ್ತದೆ ಎಂಬುದು ಗೊತ್ತಿರುವ ವಿಷಯ. ಬೇಸಿಗೆಯಲ್ಲೂ ಎಕರೆಗಟ್ಟಲೆ ತೊಗರಿ ನಿಂತರೆ ನುಸಿಗೆ, ಕಾಯಿಕೊರಕಕ್ಕೆ ವರ್ಷಪೂರ್ತಿ ಸೇತುವೆ ಸಿಕ್ಕಂತೆ. ಮಳೆ ತೊಗರಿಯ ಪ್ರದೇಶದಿಂದ ದೂರದ ತಾಲ್ಲೂಕುಗಳಲ್ಲಿ ಮಾತ್ರ ಬೇಸಿಗೆ ತೊಗರಿಗೆ ಅವಕಾಶ ಕೊಡಬೇಕೇ ಎನ್ನುವುದನ್ನು ಬೀಜ ಹಂಚುವ ಮೊದಲೇ ತೀರ್ಮಾನಿಸಬೇಕು.

ಬೆಲೆಯ ಮೇಲೂ ಪರಿಣಾಮ ಆಗುತ್ತದೆ. ಮಳೆ ತೊಗರಿ ಡಿಸೆಂಬರ್‌ನಿಂದ ಫೆಬ್ರುವರಿಗೆ ಮಾರುಕಟ್ಟೆಗೆ ಬರುತ್ತದೆ. ಮುಂದೆ ಬೆಲೆ ಏರುತ್ತದೆ ಎಂಬ ಲೆಕ್ಕದಲ್ಲೇ ವ್ಯಾಪಾರಿಗಳು ಆಗ ಕೊಂಡು ಇಡುತ್ತಾರೆ. ಮೇ-ಜೂನ್‌ನಲ್ಲಿ ಇನ್ನೊಂದು ಬೆಳೆ ಬರುತ್ತದೆ ಎಂದು ಗೊತ್ತಾದರೆ ಕೊಂಡಿಡುವ ಆತುರ ತಗ್ಗುತ್ತದೆ, ಕೊಯ್ಲಿನ ಕಾಲದ ದರವೂ ತಗ್ಗುತ್ತದೆ. ಗ್ರಾಹಕರಿಗೆ ಲಾಭ, ನೀರಾವರಿ ರೈತನಿಗೆ ಲಾಭ. ಹೊರೆ ಬೀಳುವುದು ಮಳೆ ರೈತನ ಮೇಲೆ. ಆಮದಿಗೆ ಸುಂಕ ಹಾಕಿದರೆ ಇದನ್ನು ಸರಿದೂಗಿಸಬಹುದು, ಆದರೆ ಬೇಳೆ ಬೆಲೆ ಏರಿದ ದಿನ ಯಾವ ಸರ್ಕಾರವೂ ಸುಂಕಕ್ಕೆ ಅಂಟಿಕೊಂಡು ಕೂರುವುದಿಲ್ಲ.

ಮಳೆ ಹೊಲಕ್ಕೆ ಈ ತಳಿಯಿಂದ ಏನೂ ಪ್ರಯೋಜನ ಇಲ್ಲವೇ? ಸ್ವಲ್ಪ ಇದೆ. ಮಣ್ಣು ತೆಳುವಾದ ಹೊಲದಲ್ಲಿ 125 ದಿನದ ತೊಗರಿ ತೇವ ಮುಗಿಯುವ ಮೊದಲೇ ಕೊಯ್ಲಿಗೆ ಬರುತ್ತದೆ, ಆಳದ ಎರೆಯಲ್ಲಾದರೆ ಅದರ ಹಿಂದೆ ಕಡಲೆಯನ್ನೂ ಬಿತ್ತಬಹುದು. ಆದರೆ ಜೂನ್‌ನಲ್ಲಿ ಬಿತ್ತಿದರೆ ಅದು ಹೂ ಬಿಡುವುದು ಮಳೆ ಜೋರಿರುವ ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಹೂವು ಉದುರುವುದು, ಗೂಡುಕಟ್ಟುವ ಹುಳದ ಕಾಟ, ಕಾಯಿ ಮೇಲೆ ಬೂಷ್ಟು ಎಲ್ಲ ಆಗ ಹೆಚ್ಚು. ಉದ್ದ ಅವಧಿಯ ತೊಗರಿ ಒಂದು ಸಲ ಹೂ ಕಳೆದುಕೊಂಡರೆ ಮತ್ತೆ ಬಿಡುತ್ತದೆ. ಗಿಡ್ಡ ಅವಧಿಯದಕ್ಕೆ ಆ ಎರಡನೇ ಅವಕಾಶ ಕಡಿಮೆ.

ಈಗ ಗಮನಿಸಬೇಕಾದದ್ದು

ಸಂಸ್ಥೆ ಪ್ರಕಟಿಸಿದ ತಳಿ ಮರುವರ್ಷವೇ ಅಂಗಡಿಗೆ ಬರುವುದಿಲ್ಲ. ಅಖಿಲ ಭಾರತ ಮಟ್ಟದ ಪ್ರಯೋಗಗಳಲ್ಲಿ ಹಲವು ಹಂಗಾಮು ದಾಟಬೇಕು, ತಳಿ ಬಿಡುಗಡೆ ಸಮಿತಿ ಒಪ್ಪಬೇಕು, 1966ರ ಬೀಜ ಕಾಯ್ದೆಯಡಿ ಅಧಿಸೂಚನೆ ಆಗಬೇಕು. ಆಮೇಲೆ ತಳಿವರ್ಧಕ ಬೀಜ, ಅದರಿಂದ ಮೂಲ ಬೀಜ, ಅದರಿಂದ ಪ್ರಮಾಣಿತ ಬೀಜ. ಪ್ರತಿ ಮೆಟ್ಟಿಲಿಗೆ ಕನಿಷ್ಠ ಒಂದು ಬೆಳೆ ಬೇಕು. ಆ ಪ್ರಯೋಗಗಳ ಫಲಿತಾಂಶ ಬಂದಾಗ ಬಿಸಿಲಿನ ಅಂಕಿಗಿಂತ ಮೊದಲು ನೋಡಬೇಕಾದದ್ದು ನೆಟೆ ಮಣ್ಣಿನ ಮಡಿಯಲ್ಲಿ ಅದು ಹೇಗೆ ನಿಂತಿತು ಎನ್ನುವುದನ್ನು. ಬೇಕೆಂದೇ ರೋಗ ತುಂಬಿಸಿದ ಇಂಥ ಮಡಿಗಳಲ್ಲಿ ತಳಿಗಳನ್ನು ಪರೀಕ್ಷಿಸುವುದು ತೊಗರಿ ಸಂಶೋಧನೆಯಲ್ಲಿ ಹಳೆಯ ರೂಢಿ.

ಅಷ್ಟರೊಳಗೆ ‘ಬೇಸಿಗೆ ತೊಗರಿ’ ಎಂಬ ಹೆಸರಲ್ಲಿ ಚೀಲಗಳು ಬಂದರೆ ಟ್ಯಾಗ್ ನೋಡಿ. ತಳಿವರ್ಧಕ ಬೀಜಕ್ಕೆ ಹೊಂಬಣ್ಣದ ಹಳದಿ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ಹಸಿರು ಟ್ಯಾಗ್ ಇದ್ದರೆ ಅದರ ಗುಣಮಟ್ಟಕ್ಕೆ ಮಾರುವ ಕಂಪನಿಯ ಮಾತೇ ಆಧಾರ, ಪ್ರಮಾಣನ ಸಂಸ್ಥೆ ಆ ಹೊಲವನ್ನು ನೋಡಿರುವುದಿಲ್ಲ. ಬಿಲ್ ತೆಗೆದುಕೊಳ್ಳಿ, ಟ್ಯಾಗ್ ಹರಿದು ಬಿಸಾಡಬೇಡಿ, ಒಂದು ಹಿಡಿ ಬೀಜವನ್ನು ಚೀಲದ ಜೊತೆಗೇ ರಾಶಿಯವರೆಗೆ ಎತ್ತಿಡಿ. ಬೆಳೆ ಕೈಕೊಟ್ಟು ದೂರು ಕೊಡುವ ದಿನ ಬಂದರೆ ಪರೀಕ್ಷೆಗೆ ಕಳಿಸಲು ಇರುವುದು ಅದೊಂದೇ.